ಗಂಗಾಳ ಬೇರೆ ಇಡಬೇಕಾ?

"ಅಕ್ಕಾರ, ನಮ್ಮ ಮನೆಯವರಿಗೆ ಬಾಯಿ ಕ್ಯಾನ್ಸರ್ ಅಂತ ರಿಪೋರ್ಟ್ ಬಂದೈತ್ರಿ. ಮುಂದಿನ ವಾರ ಬೆಂಗಳೂರಿಗೆ ಹೊಂಟೀವಿ. ಅವರ ಗಂಗಾಳ, ಹಾಸಿಗಿ ಬ್ಯಾರೆ ಮಾಡು ಅಂತ ಅತ್ತಿ ಅವರು ಹೇಳ್ತಾರ. ಮನ್ಯಾಗ ಸಣ್ಣ ಮಕ್ಕಳದಾವ. ನಾ ಏನ್ ಮಾಡ್ಲಿ? ಅವರಿಗೆ ಗೊತ್ತಾಗದಂಗ ಬರೀಲಿಕತ್ತೀನಿ."
(ಮಾನ್ವಿ ತಾಲ್ಲೂಕಿನ ಓದುಗರು)

ತಂಗಿ, ಬೇರೆ ಮಾಡಬೇಡ. ಗಂಗಾಳವನ್ನೂ ಬೇಡ, ಹಾಸಿಗೆಯನ್ನೂ ಬೇಡ. ಕ್ಯಾನ್ಸರ್ ಅಂಟುವುದಿಲ್ಲ.

ಈ ಉತ್ತರ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಸಿಂಧನೂರು, ಮಸ್ಕಿ, ಗಂಗಾವತಿ, ಸಿರುಗುಪ್ಪ, ಎಲ್ಲ ಕಡೆಯಿಂದಲೂ ಇದೇ ಕೇಳುತ್ತಾರೆ. ಕೀಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಔಷಧಿ, ಅದರ ಬಗ್ಗೆ ಕೇಳುವವರು ಕಡಿಮೆ. ಗಂಗಾಳದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಹೇಳಿದ್ದಕ್ಕೆ ಹೂಂ ಅನ್ನುತ್ತಾರೆ, ಮನೆಗೆ ಹೋಗಿ ಬೇರೆಯೇ ಇಡುತ್ತಾರೆ. ನಿಜ ಹೇಳಬೇಕೆಂದರೆ ಬೇಜಾರಾಗುತ್ತದೆ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. 26 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಹಿಂದಿನ ಬೆಂಚಿನ ಹುಡುಗನಿಗೂ ತಿಳಿಯುವವರೆಗೆ ಪಾಠ ಬಿಟ್ಟವಳಲ್ಲ.

ಅಂಟುರೋಗ ಅಂದರೆ ಹೊರಗಿನಿಂದ ಒಂದು ರೋಗಾಣು ಒಳಗೆ ಬರಬೇಕು. ಟಿ.ಬಿ. ಹಾಗೆ, ನೆಗಡಿ ಹಾಗೆ. ಕ್ಯಾನ್ಸರ್ ಹೊರಗಿನದ್ದಲ್ಲ. ನಮ್ಮದೇ ಮೈಯ ಜೀವಕೋಶ ಹದ ತಪ್ಪಿ, ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯುತ್ತಾ ಹೋಗುವುದು. ಆ ಕೋಶ ಎಂಜಲಿನ ಜೊತೆ ನಿನ್ನ ಹೊಟ್ಟೆಗೆ ಹೋಯಿತು ಅಂತಲೇ ಇಟ್ಟುಕೋ. ಏನೂ ಆಗುವುದಿಲ್ಲ, ಅದು ಅಲ್ಲೇ ಸಾಯುತ್ತದೆ. ಬೇರೆಯವರ ಕೋಶವನ್ನು ನಮ್ಮ ಮೈ ಇರಗೊಡುವುದೇ ಇಲ್ಲ. ಕಿಡ್ನಿ ಹಾಕಿಸಿಕೊಂಡವರನ್ನು ನೋಡಿರುತ್ತೀಯಲ್ವಾ? ಸ್ವಂತ ಅಣ್ಣನ ಕಿಡ್ನಿಯೇ ಆದರೂ ಮೈ ಅದನ್ನು ತಳ್ಳದಿರಲಿ ಅಂತ ದಿನಾ ಮಾತ್ರೆ ನುಂಗಬೇಕು. ಇಡೀ ಕಿಡ್ನಿಯನ್ನೇ ಒಪ್ಪದ ಮೈ ಗಂಗಾಳದ ಅಂಚಿನ ಎಂಜಲನ್ನು ಒಪ್ಪುತ್ತದಾ?

"ಒಂದೇ ಮನ್ಯಾಗ ಇಬ್ಬರಿಗೆ ಬಂದದ್ದು ನೋಡೀನ್ರಿ" ಅನ್ನುತ್ತಾರೆ. ನಾನೂ ನೋಡಿದ್ದೇನೆ. ಅಣ್ಣ ತಮ್ಮ ಇಬ್ಬರೂ ಗುಟ್ಕಾ ಹಾಕುತ್ತಿದ್ದರೆ ಇಬ್ಬರಿಗೂ ಬರಬಹುದು. ಅದು ಒಬ್ಬರಿಂದ ಒಬ್ಬರಿಗೆ ಹೋಗಿದ್ದಲ್ಲ, ಇಬ್ಬರಿಗೂ ಗುಟ್ಕಾದಿಂದ ಬಂದಿದ್ದು. ಕೆಲವು ಕ್ಯಾನ್ಸರ್‌ಗಳ ಒಲವು ಹೆತ್ತವರಿಂದ ಮಕ್ಕಳಿಗೆ ಹುಟ್ಟಿನಿಂದ ಬರುತ್ತದೆ. ನಮ್ಮ ಕಡೆ ಸೋದರಮಾವನನ್ನೇ ಮದುವೆಯಾಗುವುದು ಜಾಸ್ತಿ, ಹಾಗಾಗಿ ಗಂಡ ಹೆಂಡತಿ ಒಂದೇ ರಕ್ತದವರೂ ಇರುತ್ತಾರೆ. ಆದರೂ ಅದು ಬರುವುದು ಹುಟ್ಟಿನಿಂದ, ಜೊತೆಗೆ ಉಂಡಿದ್ದರಿಂದ ಅಲ್ಲ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಕೆಲವು ಕ್ಯಾನ್ಸರ್‌ಗೆ ದಾರಿ ಮಾಡಿಕೊಡುವ ವೈರಸ್‌ಗಳು ಮಾತ್ರ ಹರಡುತ್ತವೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಚ್‌ಪಿವಿ, ಲಿವರ್ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ. ಎರಡಕ್ಕೂ ಲಸಿಕೆ ಇದೆ. ಮಕ್ಕಳಿಗೆ ಹಾಕಿಸುವ ಬಗ್ಗೆ ಡಾಕ್ಟರನ್ನು ಕೇಳು. ಆದರೆ ವೈರಸ್ ಹರಡಿದರೆ ಕ್ಯಾನ್ಸರ್ ಹರಡಿತು ಅಂತಲ್ಲ.

ಇನ್ನು "ಕರೆಂಟ್ ಕೊಟ್ಟ ಮ್ಯಾಲೆ ಮೈಯಾಗ ಕರೆಂಟ್ ಉಳೀತೈತಿ, ಮಕ್ಕಳನ್ನ ಹತ್ರ ಬಿಡಬ್ಯಾಡ" ಅನ್ನುವ ಮಾತು. ಕರೆಂಟ್ ಅನ್ನುವುದು ರೇಡಿಯೇಷನ್‌ಗೆ. ಹೊರಗಿನ ಮಷಿನ್ನಿನಿಂದ ಕೊಡುವ ರೇಡಿಯೇಷನ್, ಮಷಿನ್ ನಿಂತ ಕ್ಷಣಕ್ಕೆ ಮುಗಿಯಿತು. ಲೈಟ್ ಆರಿಸಿದ ಮೇಲೆ ಗೋಡೆಯಲ್ಲಿ ಬೆಳಕು ಉಳಿಯುತ್ತದಾ? ಮಗುವನ್ನು ಅವರ ತೊಡೆ ಮೇಲೆ ಕೂರಿಸು.

ಹಾಗಾದರೆ ಆಸ್ಪತ್ರೆಯಲ್ಲಿ ಯಾಕೆ ಗ್ಲೌಸ್ ಹಾಕಿಕೊಳ್ಳುತ್ತಾರೆ, ಮಾಸ್ಕ್ ಹಾಕಿ ಅನ್ನುತ್ತಾರೆ? ತಪ್ಪು ತಿಳಿವಳಿಕೆ ಗಟ್ಟಿಯಾಗುವುದು ಇಲ್ಲೇ. ಗ್ಲೌಸ್ ಕೀಮೋ ಔಷಧಿಗಾಗಿ, ರೋಗಕ್ಕಾಗಿ ಅಲ್ಲ. ಕೀಮೋ ಕೊಟ್ಟ ಮೇಲೆ ಸುಮಾರು ಎರಡು ದಿನ, ಕೆಲವು ಔಷಧಿಗೆ ಮೂರು ದಿನ, ಅದು ಮೂತ್ರ, ಮಲ, ವಾಂತಿಯಲ್ಲಿ ಹೊರಗೆ ಬರುತ್ತಿರುತ್ತದೆ. ಆ ದಿನಗಳಲ್ಲಿ ವಾಂತಿ ಬಳಿಯುವಾಗ ಗ್ಲೌಸ್ ಹಾಕಿಕೋ. ಕೊಳೆಯಾದ ಬಟ್ಟೆ ಬೇರೆ ಒಗೆ. ಪಾಯಿಖಾನೆಗೆ ಎರಡು ಸಲ ನೀರು ಹಾಕು. ಬಸುರಿಯರಿಗೆ ಈ ಕೆಲಸ ಬೇಡ. ಗಂಡ ಹೆಂಡತಿ ಕೂಡುವುದಾದರೆ ಆ ದಿನಗಳಲ್ಲಿ ಕಾಂಡೋಮ್ ಬೇಕು, ಚಿಕಿತ್ಸೆ ನಡೆಯುವಾಗಲೂ, ಮುಗಿದ ಮೇಲೆ ಡಾಕ್ಟರ್ ಹೇಳುವವರೆಗೂ ಗರ್ಭ ನಿಲ್ಲಬಾರದು. ಇದನ್ನು ಕೇಳಲು ನಾಚಿಕೊಂಡು ಎಷ್ಟೋ ಜೋಡಿ ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಮುಟ್ಟದೆ ಇರುತ್ತಾರೆ. ಮುಟ್ಟಬಹುದು, ತಬ್ಬಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು.

ಮಾಸ್ಕ್ ವಿಷಯವಂತೂ ಪೂರ್ತಿ ಉಲ್ಟಾ. ಅದು ನಮ್ಮಿಂದ ಅವರನ್ನು ಕಾಪಾಡಲು. ಕೀಮೋ ಆಗಿ ಒಂದರಿಂದ ಎರಡು ವಾರದ ನಡುವೆ ರಕ್ತದ ಬಿಳಿ ಕಣ ತುಂಬಾ ಇಳಿಯುತ್ತದೆ. ನಿನ್ನ ಸಣ್ಣ ನೆಗಡಿ ಅವರಿಗೆ ದೊಡ್ಡದಾಗಬಹುದು. ನೋಡಲು ಬಂದವರು ಕೆಮ್ಮುತ್ತಿದ್ದರೆ ಕಟ್ಟೆಯಿಂದಲೇ ಮಾತಾಡಿಸಿ ಕಳಿಸು. ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತೋ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗು. ಡೋಲೋ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡ. ಇದೊಂದು ಮಾತು ಗೋಡೆ ಮೇಲೆ ಬರೆದಿಡು.

ನಮ್ಮವರಿಗೆ ಎಂಟು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಕರೆಂಟ್ ಮುಗಿಸಿ ಊರಿಗೆ ಬಂದ ವಾರ. ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ಸ್ಟೀಲಿನ ಗಂಗಾಳ, ಅಂಚಿಗೆ ಅವರ ಹೆಸರು ಹೊಡೆಸಿದ್ದು, ಸ್ಟ್ಯಾಂಡಿನಲ್ಲಿ ಕಾಣಲಿಲ್ಲ. ಹುಡುಕಿದರೆ ಹಿತ್ತಲ ಬಚ್ಚಲ ಕಟ್ಟೆ ಮೇಲೆ, ಬಟ್ಟೆ ಸೋಪಿನ ಪಕ್ಕ ಬೋರಲು ಹಾಕಿತ್ತು. ಅವರೇ ತೊಳೆದು ಅಲ್ಲಿಟ್ಟಿದ್ದರು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಬಂದು ಹೋಗುವವರ ಕಣ್ಣು ನೋಡಿ ತಾವೇ ಬೇರೆಯಾಗಿದ್ದರು. ಬಾಯಿ ಹುಣ್ಣಿಗೆ ಮೆತ್ತಗೆ ಕುದಿಸಿದ ಗಂಜಿ ಮಾಡುತ್ತಿದ್ದೆ. ಅದನ್ನೂ ಅರ್ಧ ಬಿಡುತ್ತಿದ್ದರು. ಖಾರ ಆಗಿರಬೇಕು, ಉರಿ ಇರಬೇಕು ಅಂತ ನಾನು ತಿಳಿದಿದ್ದೆ. ಆ ಮಧ್ಯಾಹ್ನ ಅದೇ ಗಂಗಾಳ ತಂದು, ಅದರಲ್ಲೇ ರೊಟ್ಟಿ, ಹಿಂಡಿಪಲ್ಯ ಹಾಕಿಕೊಂಡು ಅವರ ಎದುರಿಗೇ ಕೂತು ಉಂಡೆ. ಅವರು ನೋಡುತ್ತಾ ಕೂತರು. ಆಮೇಲೆ "ನನಗೂ ಒಂದ್ ಸ್ವಲ್ಪ ಗಂಜಿ ಹಾಕು" ಅಂದರು.

ನಿಮ್ಮ ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರ ಕಾಲದಲ್ಲಿ ಟಿ.ಬಿ. ಬಂದವರನ್ನು ಹಾಗೇ ಇಡುತ್ತಿದ್ದರು. ಟಿ.ಬಿ. ಹರಡುವುದೂ ಕೆಮ್ಮಿನ ಗಾಳಿಯಿಂದಲೇ, ಗಂಗಾಳದಿಂದಲ್ಲ. ಅವರನ್ನೂ ಒಂದು ಸಲ ಡಾಕ್ಟರ ಎದುರು ಕೂರಿಸು. ನಮ್ಮ ಮಾತಿಗಿಂತ ಬಿಳಿ ಕೋಟಿನ ಮಾತು ಬೇಗ ಇಳಿಯುತ್ತದೆ.

ಬೆಂಗಳೂರಿಗೆ ಹೋಗುವ ಮೊದಲು ಎರಡು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮರೆಯಬೇಡ. ರೈಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ಸ್ಲೀಪರ್, ಥರ್ಡ್ ಎಸಿ ಎರಡರಲ್ಲೂ ಟಿಕೆಟ್ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ಮಾಫಿ. ಅದರ ಫಾರಂಗೆ ಆಸ್ಪತ್ರೆಯ ಡಾಕ್ಟರ ಸಹಿ, ಸೀಲು ಬೇಕು.

ನೀನು ಕೇಳದ ಒಂದು ಪ್ರಶ್ನೆ ಇದೆ. "ಅವರಿಗೆ ಗೊತ್ತಾಗದಂಗ" ಅಂತ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅಲ್ಲಿಗೆ ನನ್ನ ಮನಸ್ಸು ಹೋಯಿತು. ಪತ್ರ ಗುಟ್ಟಾ, ಅಥವಾ ರೋಗವೇ ಗುಟ್ಟಾ? ರೋಗವೇ ಗುಟ್ಟಾದರೆ ಹೇಳಿಬಿಡು. ನಾವೂ ಮುಚ್ಚಿಟ್ಟಿದ್ದೆವು, ಮೂರು ವಾರ. "ಗಂಟಲಾಗ ಹುಣ್ಣಾಗೇತಿ" ಅಂದಿದ್ದೆವು. ಅವರು ನಂಬಿಕೊಂಡು ಕಾಲುವೆ ನೀರು ಬಂತು ಅಂತ ಆಳು ಹಚ್ಚಿ ನಾಲ್ಕು ಎಕರೆ ನಾಟಿ ಮಾಡಿಸಿದರು. ಬೆಂಗಳೂರಿನಲ್ಲಿ ಆಟೋ ಇಳಿದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಬೋರ್ಡ್ ಓದಿದರು. ಕಿದ್ವಾಯಿ ಅಂದರೆ ಏನು ಅಂತ ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಹೆದರುತ್ತಾರೆ, ಅಳುತ್ತಾರೆ ಅಂತ ನಾನು ಕೈ ಹಿಡಿದುಕೊಂಡೆ. ಅವರು ಅಳಲಿಲ್ಲ. "ಮೊದಲ ಹೇಳಿದ್ರ ಹೊಲ ಲಾವಣಿಗೆ ಕೊಟ್ಟು ಬರ್ತಿದ್ದೆ. ಈಗ ನೀರು ಯಾರು ಕಟ್ತಾರ?" ಅಂದರು.