ಬಿಳಿ ವೈನ್ ಅಟ್ಟ ಸೇರಿದರೆ

ಶಿವಮೊಗ್ಗದ ಹೋಟೆಲುಗಳಿಗೆ ವೈನ್ ಆರಿಸಿಕೊಡುವುದು ನನ್ನ ಕೆಲಸ. ಮೊನ್ನೆ ಸಾಗರದ ಕಡೆಯ ಪರಿಚಿತ ಅಡಿಕೆ ಬೆಳೆಗಾರರೊಬ್ಬರು ಅಟ್ಟದಿಂದ ಒಂದು ಬಾಟಲಿ ಇಳಿಸಿದರು. ಮಗ ಕೊಟ್ಟಿದ್ದ ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್. ‘ಐದು ವರ್ಷದಿಂದ ಮುಟ್ಟಿಲ್ಲ, ಈಗ ರುಚಿ ಏರಿರಬೇಕು ಅಲ್ವಾ?’ ಎಂದರು.

ಲೋಟಕ್ಕೆ ಬಗ್ಗಿಸಿದೆ. ತೆಳು ನಿಂಬೆ ಬಣ್ಣ ಇರಬೇಕಾದಲ್ಲಿ ಜೇನಿನ ಬಣ್ಣ. ಮೂಸಿದರೆ ಹೆಚ್ಚಿಟ್ಟು ಕಂದಾದ ಸೇಬು. ನಾಲಿಗೆಗೆ ಹುಳಿ ಹಾಗೇ ಇತ್ತು, ಪರಿಮಳವೇ ಇರಲಿಲ್ಲ. ‘ಹೊಟ್ಟೆಗೇನೂ ಆಗೋದಿಲ್ಲ ರಾಯರೇ, ಆದರೆ ಕುಡಿಯುವ ಖುಷಿ ಹೋಗಿದೆ’ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಹಳತಾದಷ್ಟೂ ಚೆಂದ. ಆದರೆ ಅಪ್ಪೆಹುಳಿಯನ್ನು ಯಾರಾದರೂ ನಾಳೆಗೆ ಇಡುತ್ತಾರಾ? ಈ ವೈನು ಎರಡನೆಯ ಜಾತಿಯದು.

ಸೋವಿನ್ಯೋನ್‌ನ ಸೀಬೆ, ಪ್ಯಾಶನ್ ಫ್ರೂಟ್ ಪರಿಮಳಕ್ಕೆ ಥಯಾಲ್ ಎಂಬ ಗಂಧಕದ ಸಂಯುಕ್ತಗಳು ಕಾರಣ. ಆಮ್ಲಜನಕ ತಾಗಿದರೆ ಇವು ಬೇಗ ಸೋಲುತ್ತವೆ. ದೊಣ್ಣೆ ಮೆಣಸಿನಕಾಯಿಯಂಥ ಹಸಿರು ವಾಸನೆ ಕೊಡುವ ಪೈರಜಿನ್‌ಗಳು ಗಟ್ಟಿ, ಜಾಸ್ತಿ ದಿನ ಉಳಿಯುತ್ತವೆ. ಹಣ್ಣು ಹೋಗಿ ತರಕಾರಿ ಉಳಿಯಿತು ಅಂದುಕೊಳ್ಳಿ.

ನನ್ನ ಲೆಕ್ಕ ಇಷ್ಟು: ಸೋವಿನ್ಯೋನ್, ಪಿನೋ ಗ್ರಿಜಿಯೋದಂಥ ಹಗುರ ವೈನುಗಳನ್ನು ದ್ರಾಕ್ಷಿ ಕೊಯ್ದ ಎರಡು ವರ್ಷದೊಳಗೆ ಮುಗಿಸಿ. ಪೋರ್ಚುಗಲ್ಲಿನ ಮಾಮೂಲಿ ವಿನ್ಯೋ ವೆರ್ದೆಗೆ ಒಂದು ವರ್ಷವೇ ಸಾಕು. ಲೇಬಲ್ ಮೇಲಿನ ಇಸವಿ ಕೊಯ್ಲಿನದು, ಅಂಗಡಿಗೆ ಬಂದದ್ದಲ್ಲ. ನಾಸಿಕ್, ನಂದಿ ಬೆಟ್ಟದ ಕಡೆ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಜರ್ಮನಿಯ ಒಳ್ಳೆಯ ರೀಸ್ಲಿಂಗ್, ಆಸ್ಟ್ರೇಲಿಯಾದ ಹಂಟರ್ ವ್ಯಾಲಿ ಸೆಮಿಯೋನ್ ಹತ್ತು ವರ್ಷ ಇಟ್ಟರೂ ಬೆಳೆಯುತ್ತವೆ. ಅವುಗಳ ದಾರಿಯೇ ಬೇರೆ.

ಈ ಲೆಕ್ಕವೂ ತಂಪಿನಲ್ಲಿಟ್ಟ ಬಾಟಲಿಗೆ ಮಾತ್ರ. ವೈನಿಗೆ 12 ಡಿಗ್ರಿ ಆಸುಪಾಸು ಹಿತ. ಮಲೆನಾಡಲ್ಲಿ ತಂಪಿದೆಯಲ್ಲ ಅನ್ನುತ್ತೀರಿ. ಮಳೆಗಾಲಕ್ಕೆ ಸರಿ, ಲೇಬಲ್ಲಿಗೆ ಬೂಷ್ಟು ಹಿಡಿಯಬಹುದು ಅಷ್ಟೇ. ಏಪ್ರಿಲ್‌ನಲ್ಲಿ ಹಂಚಿನ ಕೆಳಗಿನ ಅಟ್ಟಕ್ಕೆ ಒಮ್ಮೆ ಕೈಯಿಟ್ಟು ನೋಡಿ. ಅಲ್ಲಿ ಒಂದು ಬೇಸಿಗೆ ಕಳೆದರೂ ವೈನು ಮುದಿಯಾಗುತ್ತದೆ. ಅದಕ್ಕಿಂತ ನೆಲಮಟ್ಟದ ಕತ್ತಲೆ ಉಗ್ರಾಣ ಎಷ್ಟೋ ವಾಸಿ. ಬಣ್ಣವಿಲ್ಲದ ಗಾಜಿನ ಬಾಟಲಿಯನ್ನಂತೂ ಬೆಳಕಿಗೆ ಇಡಲೇಬೇಡಿ, ಬೇಯಿಸಿದ ಕೋಸಿನ ವಾಸನೆ ಬಂದೀತು.

ತೆರೆದ ಮೇಲೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ರಾಯರ ಅಟ್ಟದಲ್ಲಿ ಅದೇ ಪೆಟ್ಟಿಗೆಯ ಇನ್ನೆರಡು ಬಾಟಲಿ ಇವೆಯಂತೆ.