ನಿನ್ನೆ ಪೊಲೀಸ್ ಅಧಿಕಾರಿ, ಇವತ್ತು ಅಭ್ಯರ್ಥಿ: ನಡುವೆ ಕಾಯಬೇಕಾಗಿಲ್ಲವೇ?

ಪ್ರಶ್ನೆ: ಮೊನ್ನೆ ಮೊನ್ನೆವರೆಗೆ ನಮ್ಮ ಕಡೆ ಪೊಲೀಸ್ ಅಧಿಕಾರಿ ಆಗಿದ್ದವರು ಈಗ ವಿಧಾನಸಭೆಗೆ ಟಿಕೆಟ್ ಕೇಳುತ್ತಿದ್ದಾರೆ. ಕೆಲಸ ಬಿಟ್ಟು ಇಂತಿಷ್ಟು ವರ್ಷ ಆಗಿರಬೇಕು ಅಂತ ನಿಯಮ ಇಲ್ಲವೇ?

ಇಲ್ಲ. ಒಂದು ದಿನವೂ ಕಾಯಬೇಕಾಗಿಲ್ಲ. ನಾಮಪತ್ರ ಪರಿಶೀಲನೆಯ ದಿನ ಅವರು ಸರ್ಕಾರಿ ನೌಕರಿಯಲ್ಲಿ ಇರಬಾರದು, ಅಷ್ಟೇ. ಸಂವಿಧಾನದ 191ನೇ ವಿಧಿ ಹೇಳುವುದೂ ಇದನ್ನೇ: ಸರ್ಕಾರದ ಕೆಳಗೆ ಲಾಭದ ಹುದ್ದೆಯಲ್ಲಿ ಇರುವವರು ಶಾಸಕರಾಗುವಂತಿಲ್ಲ. ಹುದ್ದೆ ಬಿಟ್ಟ ಮೇಲೆ ಅವರೂ ನಮ್ಮ ನಿಮ್ಮ ಹಾಗೆ. 25 ವರ್ಷ ತುಂಬಿರಬೇಕು, ಆ ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 10 ಸಾವಿರ ರೂಪಾಯಿ ಠೇವಣಿ ಕಟ್ಟಬೇಕು (ಪರಿಶಿಷ್ಟರಿಗೆ ಅರ್ಧ).

ತಮಾಷೆ ಏನೆಂದರೆ, ಐಪಿಎಸ್ ಅಧಿಕಾರಿ ನಿವೃತ್ತರಾಗಿ ಒಂದು ವರ್ಷದೊಳಗೆ ಖಾಸಗಿ ಕಂಪನಿಗೆ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ರಾಜಕೀಯ ಪಕ್ಷ ಸೇರಲು ಬೇಡ. ಇದು ಸರಿಯಲ್ಲ ಅಂತ ಚುನಾವಣಾ ಆಯೋಗವೇ ಹಿಂದೆ ಕೇಂದ್ರಕ್ಕೆ ಬರೆದಿತ್ತು, ಕೇಂದ್ರ ಒಪ್ಪಲಿಲ್ಲ. 2022ರಲ್ಲಿ ಇದೇ ಬೇಡಿಕೆ ಸುಪ್ರೀಂ ಕೋರ್ಟಿಗೂ ಹೋಯಿತು. ಕಾಯುವ ಅವಧಿ ಬೇಕೋ ಬೇಡವೋ ಎನ್ನುವುದನ್ನು ಶಾಸನ ಮಾಡುವವರೇ ತೀರ್ಮಾನಿಸಲಿ ಎಂದು ಕೋರ್ಟ್ ಅರ್ಜಿ ತಳ್ಳಿಹಾಕಿತು. ಆ ಪೀಠದಲ್ಲಿದ್ದವರಲ್ಲಿ ಒಬ್ಬರು ನಮ್ಮ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಅಬ್ದುಲ್ ನಜೀರ್. 2023ರ ಜನವರಿಯಲ್ಲಿ ಅವರು ನಿವೃತ್ತರಾದರು, ಫೆಬ್ರವರಿಯಲ್ಲಿ ಆಂಧ್ರದ ರಾಜ್ಯಪಾಲರಾಗಿ ನೇಮಕಗೊಂಡರು. ಇದರಲ್ಲೂ ಕಾನೂನು ಮೀರಿದ್ದು ಏನೂ ಇಲ್ಲ. ಸುಮ್ನೆ ಹೇಳಿದೆ.

ಹಾಗಾದರೆ ತೊಡಕು ಎಲ್ಲಿದೆ? ಒಳಗೆ ಬರುವ ಕಡೆ ಅಲ್ಲ, ಹೊರಗೆ ಹೋಗುವ ಕಡೆ. ರಾಜೀನಾಮೆ ಪತ್ರ ಬರೆದು ಮೇಜಿನ ಮೇಲಿಟ್ಟು ಎದ್ದು ಹೋದರೆ ನೌಕರಿ ಮುಗಿಯುವುದಿಲ್ಲ. ಸರ್ಕಾರ ಅದನ್ನು ಅಂಗೀಕರಿಸಬೇಕು, ಕರ್ತವ್ಯದಿಂದ ಬಿಡುಗಡೆ ಮಾಡಿದ ಆದೇಶ ಕೈಗೆ ಸಿಗಬೇಕು. ಸ್ವಯಂ ನಿವೃತ್ತಿಗೆ, ಅಂದರೆ ವಿಆರ್‌ಎಸ್‌ಗೆ, ಐಪಿಎಸ್ ಅಧಿಕಾರಿಗಳು ಮೂರು ತಿಂಗಳ ನೋಟಿಸ್ ಕೊಡಬೇಕು. ಸರ್ಕಾರ ಮನಸ್ಸು ಮಾಡಿದರೆ ಆ ಅವಧಿಯನ್ನೂ ಮನ್ನಾ ಮಾಡಬಹುದು. ಅಮಾನತಿನಲ್ಲಿ ಇದ್ದರಂತೂ ಸರ್ಕಾರದ ಒಪ್ಪಿಗೆ ಇಲ್ಲದೆ ಹೊರಬೀಳುವುದು ಆಗದ ಮಾತು. ಬೀಗದ ಕೈ ಯಾರ ಹತ್ತಿರ ಇದೆ ಗೊತ್ತಾಯ್ತು ಅಲ್ವಾ?

ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. ಅಸೀಮ್ ಅರುಣ್ ಕಾನ್ಪುರದ ಪೊಲೀಸ್ ಕಮಿಷನರ್ ಆಗಿದ್ದರು. 2022ರ ಜನವರಿ 8ರಂದು ಉತ್ತರ ಪ್ರದೇಶದ ಚುನಾವಣೆ ಘೋಷಣೆ ಆಯಿತು, ಅವತ್ತೇ ವಿಆರ್‌ಎಸ್ ಕೇಳಿರುವುದಾಗಿ ಹೇಳಿದರು. ಎಂಟೇ ದಿನದಲ್ಲಿ ರಾಜ್ಯದ ಆಡಳಿತ ಪಕ್ಷ ಬಿಜೆಪಿಗೆ ಸೇರಿದರು. ಮಾರ್ಚ್‌ನಲ್ಲಿ ಕನೌಜ್‌ನಿಂದ ಗೆದ್ದು ಮಂತ್ರಿಯೂ ಆದರು.

ಈಗ ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಬನ್ನಿ. ಅಲ್ಲಿ ನಡೆದದ್ದು ಲೋಕಸಭೆ ಚುನಾವಣೆ, ಆದರೆ ಈ ವಿಷಯದಲ್ಲಿ ನಿಯಮ ಒಂದೇ. ಕದಿರಿಯ ಸರ್ಕಲ್ ಇನ್‌ಸ್ಪೆಕ್ಟರ್ ಗೋರಂಟ್ಲ ಮಾಧವ್ 2019ರಲ್ಲಿ ವಿರೋಧ ಪಕ್ಷವಾಗಿದ್ದ ವೈಎಸ್‌ಆರ್ ಕಾಂಗ್ರೆಸ್ಸಿನ ಅಭ್ಯರ್ಥಿ. ಆಗ ಆಂಧ್ರದಲ್ಲಿ ಇದ್ದದ್ದು ತೆಲುಗು ದೇಶಂ ಸರ್ಕಾರ. ಅವರ ವಿಆರ್‌ಎಸ್ ಕಡತ ಮುಂದಕ್ಕೆ ಹೋಗಲೇ ಇಲ್ಲ. ಕೊನೆಗೆ ಆಡಳಿತ ನ್ಯಾಯಮಂಡಳಿಯ ಆದೇಶ ತಂದು ನಾಮಪತ್ರ ಹಾಕಬೇಕಾಯಿತು. ಎಲ್ಲಾದರೂ ತಿರಸ್ಕಾರ ಆದರೆ ಇರಲಿ ಅಂತ ಹೆಂಡತಿ ಕೈಯಲ್ಲೂ ಒಂದು ನಾಮಪತ್ರ ಹಾಕಿಸಿದ್ದರು. ಗೆದ್ದರು, ಅದು ಬೇರೆ ಮಾತು.

ನನಗೆ ಕಾಣುವುದು ಇಷ್ಟು: ಕಾಯುವ ಅವಧಿ ಇಲ್ಲದಿರುವುದಕ್ಕಿಂತ ಈ ಅಸಮಾನತೆಯೇ ದೊಡ್ಡ ದೋಷ. ಆಳುವ ಪಕ್ಷದ ಕಡೆ ಹೋಗುವವರಿಗೆ ಬಾಗಿಲು ತಾನಾಗಿ ತೆರೆಯುತ್ತದೆ, ಎದುರಿನ ಕಡೆ ಹೋಗುವವರು ಕೋರ್ಟು ಅಲೆಯಬೇಕು. ರಾಜೀನಾಮೆ ಕೊಟ್ಟರೆ ಇಷ್ಟು ದಿನದೊಳಗೆ ತೀರ್ಮಾನ ಆಗಲೇಬೇಕು ಅಂತ ಎಲ್ಲರಿಗೂ ಒಂದೇ ಗಡುವು ಇಟ್ಟರೆ ಅರ್ಧ ತಲೆನೋವು ಹೋಗುತ್ತದೆ.

ಬಿಡುಗಡೆ ಆದರೂ ಇನ್ನೊಂದು ಕಾಗದ ಉಳಿದಿರುತ್ತದೆ. ಸರ್ಕಾರಿ ಮನೆ, ಕರೆಂಟು, ನೀರು, ಫೋನು ಇವುಗಳ ಬಾಕಿ ಇಲ್ಲ ಎಂಬ ಪ್ರಮಾಣಪತ್ರ. ಸರ್ಕಾರಿ ವಸತಿಗೃಹದಲ್ಲಿ ಇದ್ದವರಿಗೆ ಇದು ಬೇಕೇ ಬೇಕು. ಪಶ್ಚಿಮ ಬಂಗಾಳದ ದೇಬಾಶಿಶ್ ಧರ್ ಹಿಂದೆ ಕೂಚ್‌ಬಿಹಾರ್‌ನ ಎಸ್ಪಿ. 2024ರಲ್ಲಿ ಬೀರ್‌ಭೂಮ್ ಲೋಕಸಭೆಗೆ ಬಿಜೆಪಿ ಅಭ್ಯರ್ಥಿಯಾಗಿ ಪ್ರಚಾರವನ್ನೂ ಮಾಡಿದ್ದರು. ಈ ಪತ್ರ ಇಲ್ಲ ಅಂತ ನಾಮಪತ್ರ ತಿರಸ್ಕಾರ ಆಯಿತು. ಪಕ್ಷ ಬೇರೆಯವರನ್ನು ನಿಲ್ಲಿಸಬೇಕಾಯಿತು.

ಕೆಲಸದಿಂದ ವಜಾ ಆದವರ ಕತೆ ಬೇರೆ. ಭ್ರಷ್ಟಾಚಾರ ಅಥವಾ ದೇಶನಿಷ್ಠೆಗೆ ವಿರುದ್ಧ ನಡೆದ ಕಾರಣಕ್ಕೆ ವಜಾ ಆಗಿದ್ದರೆ ಐದು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಬೇರೆ ಕಾರಣಕ್ಕೆ ವಜಾ ಆದವರು ಆ ಐದು ವರ್ಷದೊಳಗೆ ನಿಲ್ಲಬೇಕಾದರೆ ಆಯೋಗದಿಂದ ಪ್ರಮಾಣಪತ್ರ ತರಬೇಕು.

ತಾವು ಕೆಲಸ ಮಾಡಿದ ಊರಲ್ಲೇ ನಿಲ್ಲಬಹುದಾ ಅಂತಲೂ ನಿಮಗೆ ಅನಿಸಿರಬಹುದು. ಧಾರಾಳವಾಗಿ ನಿಲ್ಲಬಹುದು. ಭಾರತಿ ಘೋಷ್ ವರ್ಷಗಟ್ಟಲೆ ಪಶ್ಚಿಮ ಮೇದಿನಿಪುರದ ಎಸ್ಪಿ ಆಗಿದ್ದವರು. 2021ರಲ್ಲಿ ಅದೇ ಜಿಲ್ಲೆಯ ದೇಬ್ರಾ ಕ್ಷೇತ್ರದಲ್ಲಿ ಬಿಜೆಪಿಯಿಂದ ನಿಂತರು. ಎದುರಿಗೆ ತೃಣಮೂಲದ ಹುಮಾಯೂನ್ ಕಬೀರ್. ಅವರೂ ಐಪಿಎಸ್, ಕೆಲವೇ ತಿಂಗಳ ಹಿಂದೆ ಚಂದನನಗರದ ಪೊಲೀಸ್ ಕಮಿಷನರ್ ಆಗಿದ್ದವರು! ಕಬೀರ್ ಗೆದ್ದರು.

ಖಾಕಿಯ ಹೆಸರು ವೋಟಾಗುತ್ತದೆ ಅಂತ ಮಾತ್ರ ಹೇಳಲಿಕ್ಕಾಗದು. ನಮ್ಮವರನ್ನೇ ನೋಡಿ. ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫ್ ಅಂಥವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಹಿರೇಕೆರೂರಿನಲ್ಲಿ ಹಲವು ಸಲ ಗೆದ್ದ ಬಿ.ಸಿ. ಪಾಟೀಲ್ ಒಂದು ಕಾಲದಲ್ಲಿ ಸಬ್ ಇನ್‌ಸ್ಪೆಕ್ಟರ್, ಆದರೆ ಅವರಿಗೆ ಸಿನಿಮಾದ ಹೆಸರೇ ಜಾಸ್ತಿ ನೆರವಾಯಿತು ಅನ್ನಬೇಕು. ಕೂಡ್ಲಿಗಿ ಡಿವೈಎಸ್ಪಿ ಹುದ್ದೆ ಬಿಟ್ಟು ಸ್ವಂತ ಪಕ್ಷ ಕಟ್ಟಿದ ಅನುಪಮಾ ಶೆಣೈ 2018ರಲ್ಲಿ ಕಾಪುವಿನಲ್ಲಿ ಸೋತರು. ಉಡುಪಿ, ಚಿಕ್ಕಮಗಳೂರಿನಲ್ಲಿ ಜನ ಅಷ್ಟು ಮೆಚ್ಚಿದ್ದ ಅಣ್ಣಾಮಲೈ 2021ರಲ್ಲಿ ತಮಿಳುನಾಡಿನ ಅರವಕುರಿಚಿಯಲ್ಲಿ 24 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಎಸ್ಪಿಯಾಗಿ ಇಷ್ಟವಾದವರು ಶಾಸಕರಾಗಿಯೂ ಬೇಕು ಅಂತ ಜನಕ್ಕೆ ಅನಿಸಬೇಕೆಂದೇನೂ ಇಲ್ಲ.

ನಿಮ್ಮ ಕಡೆಯವರು ಇನ್ನೂ ಟಿಕೆಟ್ ಕೇಳುವ ಹಂತದಲ್ಲಿ ಇದ್ದಾರೆ ಅಂದಿರಿ. ಆ ಹಂತ ದಾಟುವವರೂ ಇದ್ದಾರೆ, ಅಲ್ಲೇ ಎಡವುವವರೂ ಇದ್ದಾರೆ. ಬೆಂಗಳೂರಿನ ಕಮಿಷನರ್ ಆಗಿದ್ದ ಭಾಸ್ಕರ್ ರಾವ್ ವಿಆರ್‌ಎಸ್ ತೆಗೆದುಕೊಂಡು ಮೊದಲು ಆಪ್, ಆಮೇಲೆ ಬಿಜೆಪಿ ಸೇರಿದರು. 2023ರಲ್ಲಿ ಚಾಮರಾಜಪೇಟೆಯ ಟಿಕೆಟ್ ಸಿಕ್ಕಿತು, ಆದರೆ ಸೋತರು. ಇನ್ನು ಬಿಹಾರದ ಗುಪ್ತೇಶ್ವರ ಪಾಂಡೆ 2020ರ ಸೆಪ್ಟೆಂಬರ್‌ನಲ್ಲಿ ಡಿಜಿಪಿ ಕುರ್ಚಿಯನ್ನೇ ಬಿಟ್ಟು ಜೆಡಿಯು ಸೇರಿದರು. ಅಕ್ಟೋಬರ್‌ನಲ್ಲಿ ಪಟ್ಟಿ ಬಂತು. ಅದರಲ್ಲಿ ಅವರ ಹೆಸರು ಇರಲಿಲ್ಲ.