ಕುದುರೆ ಗಬ್ಬವೋ, ಬರೀ ಹೊಟ್ಟೆಯೋ?

ಮರಿಯ ಸಮೇತ ಹೆಣ್ಣು ಕುದುರೆ ಕೊಂಡವರು ಒಂದರ ಬೆಲೆಗೆ ಎರಡು ಸಿಕ್ಕಿತೆಂದು ಹಿಗ್ಗುತ್ತಾರೆ. ಕೆಲವೊಮ್ಮೆ ಸಿಕ್ಕಿರುವುದು ಮೂರು. ಮರಿ ಹಾಕಿದ ಏಳರಿಂದ ಹನ್ನೆರಡು ದಿನಗಳೊಳಗೇ ಹೆಣ್ಣು ಕುದುರೆ ಮತ್ತೆ ಬೆದೆಗೆ ಬರುತ್ತದೆ. ಹಾಲುಣಿಸುತ್ತಿರುವ ತಾಯಿ ಇಷ್ಟು ಬೇಗ ಗಬ್ಬ ಕಟ್ಟೀತೆಂದು ಯಾರಿಗೂ ಹೊಳೆಯುವುದಿಲ್ಲ; ಮಾರಿದವನ ಲಾಯದಲ್ಲಿ ಗಂಡು ಕುದುರೆ ಇತ್ತೇ ಎಂದು ಕೇಳುವವರೂ ಕಡಿಮೆ. ಬೇರೆ ದಾರಿಗಳೂ ಇವೆ. ಇನ್ನೂ ಮರಿಯಲ್ಲವೇ ಎಂದು ತಾಯಿಯ ಜೊತೆಗೇ ಬಿಟ್ಟ ಗಂಡುಮರಿ ವರ್ಷ ದಾಟಿದ ಮೇಲೆ ಯಾವಾಗ ಬೇಕಾದರೂ ಸಮರ್ಥನಾಗಬಹುದು. ಬೀಜ ಒಡೆಸಿದ ಗಂಡಿನಲ್ಲಿಯೂ ಕೆಲವು ವಾರ ವೀರ್ಯ ಉಳಿದಿರುತ್ತದೆ. ಬೇಲಿ ಹಾರುವವರ ವಿಷಯವಂತೂ ಹೇಳುವುದೇ ಬೇಡ.

ಕುಣಿಗಲ್‌ನಂಥ ಕಡೆ, ರೇಸ್ ಕುದುರೆಗಳ ತಳಿ ಬೆಳೆಸುವ ಫಾರ್ಮುಗಳಲ್ಲಿ, ಗಂಡಿಗೆ ಬಿಟ್ಟ ದಿನಾಂಕ ಕಡತದಲ್ಲಿರುತ್ತದೆ. ಮದುವೆ ಮೆರವಣಿಗೆಯ ಕುದುರೆಗೆ, ಮೈಸೂರಿನ ಟಾಂಗಾ ಎಳೆಯುವ ಕುದುರೆಗೆ ಅಂಥ ಕಡತ ಎಲ್ಲಿಂದ ಬರಬೇಕು? ಅಲ್ಲಿ ಒಡೆಯನ ಕಣ್ಣೇ ಕಡತ. ಆ ಕಣ್ಣು ಮೊದಲು ಹೋಗುವುದು ಹೊಟ್ಟೆಯ ಕಡೆಗೆ, ಮೋಸ ಹೋಗುವುದೂ ಅಲ್ಲಿಯೇ.

ಕುದುರೆಯ ಗಬ್ಬ ಸುಮಾರು 340 ದಿನ. 320ಕ್ಕೆ ಹಾಕಿದರೂ ಸರಿ, 365 ದಾಟಿದರೂ ಗಾಬರಿಯಿಲ್ಲ. ಹುಟ್ಟುವಾಗ ಮರಿಯ ತೂಕ ತಾಯಿಯ ತೂಕದ ಹತ್ತನೇ ಒಂದು ಭಾಗದಷ್ಟಿರುತ್ತದೆ. 300 ಕಿಲೋ ಕುದುರೆಗೆ 30 ಕಿಲೋದ ಮರಿ. ಆದರೆ ಆ ತೂಕದ ಬಹುಪಾಲು ಕೂಡುವುದು ಕೊನೆಯ ಮೂರು ತಿಂಗಳಲ್ಲಿ. ಅಲ್ಲಿಯವರೆಗೆ ಭಾರೀ ಕರುಳಿನ ನಡುವೆ ಮರಿ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಅದರಲ್ಲೂ ಚೊಚ್ಚಲಿನ ಕುದುರೆಯ ಹೊಟ್ಟೆ ಬಿಗಿಯಾಗಿರುತ್ತದೆ, ತುಂಬು ಗಬ್ಬದಲ್ಲಿಯೂ ಜೋತುಬೀಳದಿರಬಹುದು. ಇತ್ತ ಒರಟು ಹುಲ್ಲು ತಿಂದ, ಜಂತುಹುಳು ತುಂಬಿದ, ವಯಸ್ಸಾಗಿ ಬೆನ್ನು ಇಳಿದ ಕುದುರೆಗಳು ಗಬ್ಬವಿಲ್ಲದೆಯೇ ತುಂಬು ಗಬ್ಬದಂತೆ ಕಾಣುತ್ತವೆ. ಬೆದೆಗೆ ಬಂದಂತೆ ಆಡಿತು, ಹಾಗಾಗಿ ಗಬ್ಬವಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಗಬ್ಬವಿದ್ದೂ ಹಾಗೆ ಆಡುವ ಕುದುರೆಗಳಿವೆ.

ಹೊಟ್ಟೆ ಹೇಳದ್ದನ್ನು ರಕ್ತ ಹೇಳುತ್ತದೆ, ಅದೂ ವಿಚಿತ್ರ ರೀತಿಯಲ್ಲಿ. ಗಬ್ಬ ಕಟ್ಟಿ ಐದು ವಾರ ಕಳೆಯುವ ಹೊತ್ತಿಗೆ ಭ್ರೂಣದ ಹೊದಿಕೆಯ ಕೆಲವು ಜೀವಕೋಶಗಳು ತಾಯಿಯ ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ, ಸಣ್ಣ ಬಟ್ಟಲುಗಳ ಆಕಾರದಲ್ಲಿ ನೆಲೆಯೂರುತ್ತವೆ. ಈ ಬಟ್ಟಲುಗಳು ಸುರಿಸುವ ಹಾರ್ಮೋನು 40ರಿಂದ 120ನೇ ದಿನದವರೆಗೆ ತಾಯಿಯ ರಕ್ತದಲ್ಲಿ ಧಾರಾಳವಾಗಿ ಸಿಗುತ್ತದೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಾದ ಕೋಲ್ ಮತ್ತು ಹಾರ್ಟ್ ಇದನ್ನು 1930ರಲ್ಲಿಯೇ ಗುರುತಿಸಿದ್ದರು. ಪರೀಕ್ಷೆ ಒಳ್ಳೆಯದು, ಆದರೆ ಎರಡು ಕಡೆ ಎಡವುತ್ತದೆ. ಬಟ್ಟಲುಗಳು ಕೂತ ಮೇಲೆ ಭ್ರೂಣ ಸತ್ತರೂ ಅವು ತಮ್ಮ ಪಾಡಿಗೆ ಹಾರ್ಮೋನು ಸುರಿಸುತ್ತಲೇ ಇರುತ್ತವೆ. ಹೊಟ್ಟೆಯಲ್ಲಿರುವುದು ಕತ್ತೆಯಿಂದಾದ ಹೇಸರಗತ್ತೆಯಾಗಿದ್ದರೆ ಹಾರ್ಮೋನು ಬಹಳ ಕಡಿಮೆ ಇರುತ್ತದೆ. ಕತ್ತೆಗಳು ಬೀದಿ ಅಲೆಯುವ ಊರಿನಲ್ಲಿ ಇದನ್ನು ಮರೆಯಬಾರದು.

ನಾಲ್ಕು ತಿಂಗಳ ನಂತರ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅದಕ್ಕೆ ಬದುಕಿರುವ ಮರಿಯೇ ಬೇಕು. ನಡು ಗಬ್ಬದಲ್ಲಿ ಮರಿಯ ಲೈಂಗಿಕ ಗ್ರಂಥಿಗಳು, ಅದು ಗಂಡಾಗಲಿ ಹೆಣ್ಣಾಗಲಿ, ತಾಯಿಯ ಅಂಡಾಶಯಕ್ಕಿಂತ ದೊಡ್ಡದಾಗಿ ಊದಿಕೊಳ್ಳುತ್ತವೆ. ಅವು ಕೊಡುವ ಕಚ್ಚಾವಸ್ತುವಿನಿಂದ ಮಾಸು ಈಸ್ಟ್ರೋಜನ್ ತಯಾರಿಸುತ್ತದೆ. ಅದು ಮೂತ್ರದಲ್ಲಿ ಎಷ್ಟು ಹೇರಳವಾಗಿ ಹೊರಬೀಳುತ್ತದೆಂದರೆ, ಮುಟ್ಟು ನಿಂತ ಹೆಂಗಸರಿಗೆ ಕೊಡುವ ಪ್ರೆಮರಿನ್ ಎಂಬ ಔಷಧಿಯನ್ನು 1942ರಿಂದಲೂ ಗಬ್ಬದ ಕುದುರೆಗಳ ಮೂತ್ರದಿಂದಲೇ ಮಾಡುತ್ತಾ ಬಂದಿದ್ದಾರೆ.

ಇವೆಲ್ಲಕ್ಕಿಂತ ನೇರವಾದದ್ದು ಸ್ಕ್ಯಾನಿಂಗ್. ಎರಡು ವಾರ ಕಳೆದರೆ ಸಾಕು, ಪರದೆಯ ಮೇಲೆ ಕಪ್ಪು ಗುಳ್ಳೆಯೊಂದು ಕಾಣುತ್ತದೆ. ಅವಳಿಯಿದ್ದರೂ ಆಗಲೇ ತಿಳಿಯುತ್ತದೆ. ಕುದುರೆಗೆ ಅವಳಿ ಶುಭಸುದ್ದಿಯಲ್ಲ, ಬಹುಪಾಲು ಗರ್ಭಪಾತದಲ್ಲಿ ಮುಗಿಯುತ್ತದೆ. ಬೇಗ ಗೊತ್ತಾದರೆ ವೈದ್ಯರು ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಲ್ಲರು.

ಅನಿರೀಕ್ಷಿತ ಗಬ್ಬದ ತೊಂದರೆಯೆಂದರೆ ಸುದ್ದಿ ಸಾಮಾನ್ಯವಾಗಿ ಇಷ್ಟು ಬೇಗ ಬರುವುದಿಲ್ಲ. ಯಾವುದೋ ಮುಂಜಾನೆ ಮೈ ಉಜ್ಜುವಾಗ ಕೆಚ್ಚಲು ಕೈಗೆ ತಾಕುತ್ತದೆ. ಅದು ತುಂಬತೊಡಗುವುದು ಹೆರಿಗೆಗೆ ಎರಡರಿಂದ ಆರು ವಾರ ಮುಂಚೆ. ಬಾಲದ ಬುಡದ ಎರಡೂ ಪಕ್ಕದ ಮಾಂಸ ಸಡಿಲವಾಗಿ ಕುಸಿಯುತ್ತದೆ, ಯೋನಿದ್ವಾರ ಉದ್ದವಾಗುತ್ತದೆ. ಕೊನೆಯ ಒಂದೆರಡು ದಿನಗಳಲ್ಲಿ ಮೊಲೆತೊಟ್ಟಿನ ತುದಿಯಲ್ಲಿ ಜೇನುಮೇಣದಂಥ ಹಳದಿ ಹನಿ ಗಟ್ಟಿಯಾಗಿ ಕೂರುತ್ತದೆ. ಕೆಲವು ಕುದುರೆಗಳು ಇದಾವುದನ್ನೂ ತೋರಿಸದೆ ಮರಿ ಹಾಕಿಬಿಡುತ್ತವೆ ಎಂಬುದೂ ನಿಜ.

ಗೊತ್ತಾದ ದಿನವೇ ಮಾಡಬೇಕಾದ್ದು ಭಾರದ ಕೆಲಸ ನಿಲ್ಲಿಸುವುದು, ಪಶುವೈದ್ಯರನ್ನು ಕರೆಸುವುದು. ಧನುರ್ವಾಯು ಲಸಿಕೆಯನ್ನು ಹೆರಿಗೆಗೆ ನಾಲ್ಕರಿಂದ ಆರು ವಾರ ಮೊದಲು ಕೊಟ್ಟರೆ ಅದರ ಫಲ ಗಿಣ್ಣುಹಾಲಿಗೂ ಇಳಿಯುತ್ತದೆ. ಮರಿ ಹಾಕುವ ಜಾಗಕ್ಕೂ ಅಷ್ಟೇ ಮುಂಚಿತವಾಗಿ ಕುದುರೆಯನ್ನು ತರಬೇಕು. ಅಲ್ಲಿನ ರೋಗಾಣುಗಳಿಗೆ ತಾಯಿ ಪ್ರತಿಕಾಯ ತಯಾರಿಸಿಕೊಳ್ಳಲು ಸಮಯ ಬೇಕು. ಕುದುರೆಯ ಮಾಸು ಪ್ರತಿಕಾಯಗಳನ್ನು ಮರಿಗೆ ದಾಟಿಸುವುದಿಲ್ಲ. ಹುಟ್ಟುವ ಮರಿಗೆ ರೋಗ ತಡೆಯುವ ಶಕ್ತಿಯೆಲ್ಲ ಗಿಣ್ಣುಹಾಲಿನಿಂದಲೇ ಬರಬೇಕು, ಮರಿಯ ಕರುಳು ಅದನ್ನು ಹೀರುವುದೂ ಹೆಚ್ಚೆಂದರೆ ಒಂದು ದಿನ. ಹೆರಿಗೆಗೆ ಮುಂಚೆಯೇ ಹಾಲು ಸೋರತೊಡಗಿದರೆ ವೈದ್ಯರಿಗೆ ತಿಳಿಸಿ, ಹಿಡಿದು ಫ್ರೀಜರಿನಲ್ಲಿಡಬೇಕು. ಹುರುಳಿ, ಓಟ್ಸ್ ಹೆಚ್ಚಿಸುವುದು ಸರಿಯೇ, ಆದರೆ ಮೆಲ್ಲಮೆಲ್ಲಗೆ. ಖುಷಿಗೆ ಒಮ್ಮೆಲೇ ಸುರಿದರೆ ಹೊಟ್ಟೆಶೂಲೆ ಕಟ್ಟಿಟ್ಟದ್ದು.

ಹೆರಿಗೆ ಬಹುಪಾಲು ರಾತ್ರಿಯೇ. ಜನ ಸುತ್ತ ನೆರೆದರೆ ಕುದುರೆ ನೋವನ್ನು ಮುಂದೂಡಬಲ್ಲದು, ಹಾಗಾಗಿ ದೂರದಿಂದ ನೋಡುವುದು ಲೇಸು. ನೀರು ಒಡೆದ ಮೇಲೆ ಮಾತ್ರ ಗಡಿಯಾರ ನೋಡಬೇಕು: ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮರಿ ಹೊರಗಿರಬೇಕು. ಮುಂಗಾಲೆರಡು, ಒಂದರ ಹಿಂದೆ ಒಂದು, ಅವುಗಳ ಮೇಲೆ ಮೂಗು. ಹೀಗೆ ಬಂದರೆ ಕೈ ಹಾಕುವ ಅಗತ್ಯವೇ ಇಲ್ಲ. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಮೊದಲು ಕಾಣಿಸಿದರೆ ಮಾಸು ಆಗಲೇ ಕಳಚಿಕೊಂಡಿದೆ, ಮರಿಗೆ ಆಮ್ಲಜನಕ ನಿಲ್ಲುತ್ತಿದೆ ಎಂದರ್ಥ. ಆಗ ವೈದ್ಯರಿಗಾಗಿ ಕಾಯದೆ ಚೀಲ ಹರಿದು ಮರಿಯನ್ನು ಎಳೆದುಕೊಳ್ಳಬೇಕು.

ಹುಟ್ಟಿದ ಮರಿಯ ಗೊರಸು ನೋಡಿದವರು ಬೆಚ್ಚುವುದುಂಟು. ತುದಿಯಲ್ಲಿ ಬೆರಳುಗಳಂಥ ಮೆತ್ತನೆಯ ಬಿಳಿಚಿದ ಎಳೆಗಳ ಗೊಂಚಲು ಜೋತಾಡುತ್ತಿರುತ್ತದೆ. ಅದು ವಿಕಾರವಲ್ಲ. ಒಳಗೆ ಮರಿ ಒದೆಯುವಾಗ ಗರ್ಭಕೋಶ ಹರಿಯದಂತೆ ಕಾಪಾಡುವ ಹೊದಿಕೆ ಅದು. ನಿಂತು ನಾಲ್ಕು ಹೆಜ್ಜೆ ಹಾಕುತ್ತಲೇ ಸವೆಯತೊಡಗುತ್ತದೆ.

ಮುಂದಿನ ಲೆಕ್ಕ ಗಂಟೆಗಳಲ್ಲಿ. ಒಂದರೊಳಗೆ ಮರಿ ನಿಲ್ಲಬೇಕು, ಎರಡರೊಳಗೆ ಹಾಲು ಕುಡಿಯಬೇಕು, ಮೂರರೊಳಗೆ ಮಾಸು ಬೀಳಬೇಕು. ಕೊನೆಯದನ್ನು ಹಗುರಾಗಿ ಕಾಣುವವರು ಹೆಚ್ಚು. ಹಸುವಿನ ಮಾಸು ಒಂದು ದಿನ ತಡವಾದರೂ ನಡೆದೀತು, ಕುದುರೆಗೆ ಅದು ಗರ್ಭಕೋಶದ ನಂಜಾಗಿ, ಗೊರಸಿಗಿಳಿದು, ಕಾಯಂ ಕುಂಟಾಗಿಸಬಹುದು. ಜೋತುಬಿದ್ದ ಮಾಸನ್ನು ಎಳೆಯಬಾರದು, ತಾಯಿ ತುಳಿಯದಂತೆ ಮೇಲಕ್ಕೆ ಗಂಟು ಹಾಕಿ ವೈದ್ಯರಿಗೆ ಕಾಯಬೇಕು. ತಾನಾಗಿ ಬಿದ್ದರೂ ಹೂಳುವ ಅವಸರ ಬೇಡ. ಬಕೆಟ್ಟಿನಲ್ಲಿ ಮುಚ್ಚಿಟ್ಟು ವೈದ್ಯರು ಬಂದಾಗ ನೆಲದ ಮೇಲೆ ಹರಡಿಸಿ, ಗರ್ಭಕೋಶದಂತೆಯೇ ಕವಲೊಡೆದಿರುವ ಅದರ ಎರಡೂ ಕವಲುಗಳ ತುದಿ ಇಡಿಯಾಗಿವೆಯೇ ಎಂದು ನೋಡಿಸಬೇಕು. ಅಂಗೈಯಗಲದ ಚೂರು ಒಳಗುಳಿದರೂ ಅಪಾಯವೇ.